ಮೊದಲು ಮದ್ದು, ಅನಂತರ ಶಸ್ತ್ರಕ್ರಿಯೆ

ರಾಮಾಪುರದಂತಹ ಊರಿನಲ್ಲಿ ಒಬ್ಬರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟಿದೆಯೆಂದು ತಿಳಿದರೆ, ಅದನ್ನು ಕೂಡಲೇ ಕತ್ತರಿಸಿ ತೆಗೆಯಲೆಂದು ಮನೆಯವರು ಹಂಬಲಿಸುವುದು ಸಹಜವೇ. ವೈದ್ಯರು ‘ಮೊದಲು ಔಷಧ’ ಎಂದರೆ, ರೋಗ ಕೈಮೀರಿತೆಂದು ಅವರು ಎದೆಗುಂದುತ್ತಾರೆ. ಹಾಗೆ ಎದೆಗುಂದಬೇಕಾಗಿಲ್ಲವೆಂದು ನಾವು ಭಾವಿಸುತ್ತೇವೆ.

ಹೊಲದ ಕಳೆ ಬೀಜ ಉದುರಿಸಿದ ಮೇಲೆ ಗಿಡವನ್ನಷ್ಟೇ ಕಿತ್ತರೆ ಸಾಲದು. ಅಂತೆಯೇ, ರೋಗವು ಹತ್ತಿರದ ದುಗ್ಧಗ್ರಂಥಿಗಳಿಗೆ ಹಬ್ಬಿರುವಾಗ, ಕಣ್ಣಿಗೆ ಕಾಣದ ರೋಗಕೋಶಗಳು ದೇಹದಲ್ಲಿ ಬೇರೆಡೆಯೂ ಅಡಗಿರಬಹುದು. ಕೀಮೋಥೆರಪಿ ಅವುಗಳನ್ನು ಬೆನ್ನಟ್ಟುತ್ತದೆ, ಗಂಟನ್ನೂ ಕುಗ್ಗಿಸಬಲ್ಲುದು. ನಿವೊಲುಮ್ಯಾಬ್‌ನಂತಹ ಮದ್ದನ್ನು ಜೊತೆಗೂಡಿಸಿದರೆ, ದೇಹದ ರಕ್ಷಕಕೋಶಗಳಿಗೆ ಬಿದ್ದ ಕಡಿವಾಣ ಸಡಿಲವಾಗಿ, ಅವೂ ಹೋರಾಟಕ್ಕಿಳಿಯುತ್ತವೆ.

2022ರಲ್ಲಿ 358 ರೋಗಿಗಳ ಪರೀಕ್ಷೆಯೊಂದರ ಫಲ ಪ್ರಕಟವಾಯಿತು. ಮೂರು ವಾರಕ್ಕೊಮ್ಮೆಯಂತೆ ಮೂರು ಸಲ ಈ ಜೋಡಿಮದ್ದನ್ನು ಗೊತ್ತುಮಾಡಿದ್ದವರಲ್ಲಿ ನೂರಕ್ಕೆ 24 ಮಂದಿಯ ಗಂಟನ್ನು ತೆಗೆದು ನೋಡಿದಾಗ, ಜೀವಂತ ಕ್ಯಾನ್ಸರ್ ಕೋಶಗಳೇ ಕಾಣಲಿಲ್ಲ. ಬರಿಯ ಕೀಮೋಥೆರಪಿಯವರಲ್ಲಿ ಈ ಪ್ರಮಾಣ ಕೇವಲ 2.2. ದೂರದ ಅಂಗಗಳಿಗೆ ಹರಡಿದ ರೋಗಕ್ಕೂ, ಕೆಲವು ಜೀನ್ ವ್ಯತ್ಯಾಸಗಳುಳ್ಳ ಗಂಟುಗಳಿಗೂ ದಾರಿ ಬೇರೆ.

ಆದುದರಿಂದ ಶಸ್ತ್ರವೈದ್ಯರು, ಔಷಧವೈದ್ಯರು, ವಿಕಿರಣವೈದ್ಯರು ಮೊದಲೇ ಒಟ್ಟಿಗೆ ಕುಳಿತು ನಿರ್ಧರಿಸಬೇಕು. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಈ ಮೂವರೂ ಇದ್ದಾರೆ. ಆದರೆ ರಾಮಾಪುರದ ಕೂಲಿಗಾರನು ಪ್ರತಿ ಸಲವೂ ಕೊಳ್ಳೇಗಾಲ ದಾಟಿ ಅಷ್ಟು ದೂರ ಹೋಗಬೇಕಾದರೆ, ಚಿಕಿತ್ಸೆ ನಡುವೆಯೇ ನಿಂತೀತು. ನಿರ್ಧಾರವೂ ಶಸ್ತ್ರಕ್ರಿಯೆಯೂ ನಗರದಲ್ಲಾಗಲಿ. ನಡುವಣ ಮದ್ದು ಮನೆಗೆ ಹತ್ತಿರದ ಆಸ್ಪತ್ರೆಯಲ್ಲಿ, ಬಡವನ ಕೈಗೆಟುಕುವಂತೆ ದೊರೆಯಲಿ. ವಿಜ್ಞಾನದ ಗೆಲುವು ಊರಿನವರೆಗೆ ಬಂದಾಗಲೇ ಪೂರ್ಣ.