ಕತ್ತಿ ಅದ್ದಿ ನೋಡುವವರ ಊರಿನಲ್ಲಿ ರೇಡಿಯಂ ಗುಳಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಶೇಕಡಾ ಒಂದು ಅಂದರೆ ಎಷ್ಟು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಡಿ, ಆಮೇಲೆ ಕೂಡಿಸಿ, ಕೊನೆಗೌಡ ಮರ ಹತ್ತುವ ಮೊದಲು ತಿಕ್ಕಿ ತೊಳೆದ ಕತ್ತಿಯೊಂದನ್ನು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಹೆಚ್ಚಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಕೂರದಿದ್ದರೆ ಕೊಳೆ ಔಷಧಿ ಸರಿಯಾಗಿದೆ. ಯಜಮಾನ ಅದ್ದಿದರೂ ಅಷ್ಟೇ, ಆಳು ಅದ್ದಿದರೂ ಅಷ್ಟೇ. ಕತ್ತಿ ಯಾರ ಮುಖವನ್ನೂ ನೋಡುವುದಿಲ್ಲ. ಪರೀಕ್ಷೆ ಎನ್ನಬೇಕಾದದ್ದು ಇದಕ್ಕೆ.

ಪರೀಕ್ಷೆ ಎನಿಸಿಕೊಂಡ ಇನ್ನೊಂದು ಕ್ರಮವೂ ಇದೆ. ಹೋಮಿಯೋಪಥಿಯ ಔಷಧಿ ಪಟ್ಟಿಯಲ್ಲಿ ‘ರೇಡಿಯಂ ಬ್ರೋಮೇಟಮ್’ ಎಂಬ ಹೆಸರಿದೆ. ಅದೇ ರೇಡಿಯಂ, 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ವಿಕಿರಣ ಧಾತು. ನ್ಯೂಯಾರ್ಕಿನ ವೈದ್ಯ ಡೀಫೆನ್‌ಬಾಕ್ 1911ರಲ್ಲಿ ಅದನ್ನು ಆರೋಗ್ಯವಂತರಿಗೆ ಕೊಟ್ಟು, ಅವರಿಗೆ ಏನೇನಾಯಿತು ಎಂದು ಬರೆಸಿಕೊಂಡರು. ಈ ಕ್ರಮಕ್ಕೆ ‘ಪ್ರೂವಿಂಗ್’ ಎನ್ನುತ್ತಾರೆ. ಇದರ ಮೂಲಪುರುಷ ಹಾನೆಮಾನ್ 1790ರಲ್ಲಿ ಸಿಂಕೋನಾ ತೊಗಟೆ ತಿಂದು ತನಗೆ ಚಳಿಜ್ವರದ ಲಕ್ಷಣಗಳು ಬಂದವು ಎಂದುಕೊಂಡ. ಮಲೆನಾಡಿನ ಚಳಿಜ್ವರಕ್ಕೆ ನಮ್ಮ ಅಜ್ಜಂದಿರು ಮುಖ ಕಿವುಚಿಕೊಂಡು ನುಂಗುತ್ತಿದ್ದ ಕ್ವಿನೈನ್ ಇರುವುದು ಆ ತೊಗಟೆಯಲ್ಲೇ. ಕ್ವಿನೈನ್ ಕೆಲಸ ಮಾಡಿದ್ದು ರೋಗಾಣುವನ್ನು ಕೊಂದು. ಹೋಮಿಯೋಪಥಿ ನಂಬುವಂತೆ ರೋಗದಂಥದೇ ಲಕ್ಷಣ ತರುತ್ತದೆ ಎಂಬ ಕಾರಣಕ್ಕಲ್ಲ.

ರೇಡಿಯಂ ಗುಳಿಗೆಯಲ್ಲಿ ಎಷ್ಟು ರೇಡಿಯಂ ಇರುತ್ತದೆ? ನಮ್ಮ ತೋಟದ ಲೆಕ್ಕದಲ್ಲೇ ನೋಡೋಣ. ನೂರರಲ್ಲಿ ಒಂದು ಪಾಲಿನ ಆ ಕೊಳೆ ಔಷಧಿಯಿಂದ ಒಂದು ಲೀಟರ್ ತೆಗೆದು 99 ಲೀಟರ್ ನೀರಿಗೆ ಹಾಕಿ. ಅದರಿಂದ ಮತ್ತೆ ಒಂದು ಲೀಟರ್, ಮತ್ತೆ 99 ಲೀಟರ್ ನೀರು. ಮೂರನೆಯ ಸಲಕ್ಕೆ ಅದನ್ನು ಮರಕ್ಕೆ ಹೊಡೆಯಲು ಯಾವ ಬೆಳೆಗಾರನೂ ಒಪ್ಪಲಾರ. ಹೀಗೆ 12 ಸಲ ಮಾಡುವ ಹೊತ್ತಿಗೆ ಮೂಲವಸ್ತುವಿನ ಒಂದೇ ಒಂದು ಕಣ ಉಳಿಯುವುದೂ ಅನುಮಾನ. 30ರ ಸಂಖ್ಯೆ ಬರೆದ ಸೀಸೆಯೆಂದರೆ ಇದನ್ನು 30 ಸಲ ಮಾಡಿದ್ದು: ಒಂದರ ಮುಂದೆ 60 ಸೊನ್ನೆ ಇಟ್ಟರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು. ನಾವು ತಿನ್ನುವ ಒಂದು ಬಾಳೆಹಣ್ಣಿನ ಪೊಟ್ಯಾಸಿಯಂನಿಂದ ಸೆಕೆಂಡಿಗೆ ಸುಮಾರು 15 ಸಲ ವಿಕಿರಣ ಹೊಮ್ಮುತ್ತದೆ. ಆ ಗುಳಿಗೆಯ ರೇಡಿಯಂನಿಂದ ಅಷ್ಟೂ ಇಲ್ಲ.

ಹಾಗಾದರೆ ಅಪಾಯವೇನೂ ಇಲ್ಲವಲ್ಲ ಎನ್ನಬೇಡಿ. ಹತ್ತು ಪಟ್ಟಿನಂತೆ ಆರು ಸಲ ಮಾತ್ರ ತೆಳುಮಾಡಿದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಆಗ ಒಂದು ಗ್ರಾಂ ಪುಡಿಯಲ್ಲಿ ಸೆಕೆಂಡಿಗೆ 20 ಸಾವಿರಕ್ಕೂ ಮೀರಿ ರೇಡಿಯಂ ಪರಮಾಣುಗಳು ಸಿಡಿಯುತ್ತವೆ. ಅಮೆರಿಕದಲ್ಲಿ 1920ರ ದಶಕದಲ್ಲಿ ‘ರೇಡಿಥಾರ್’ ಎಂಬ ರೇಡಿಯಂ ನೀರನ್ನು ಶಕ್ತಿವರ್ಧಕವೆಂದು ಮಾರಿದರು. ಇಬೆನ್ ಬೈಯರ್ಸ್ ಎಂಬ ಶ್ರೀಮಂತ ಅದರ ಸಾವಿರಕ್ಕೂ ಹೆಚ್ಚು ಬಾಟಲಿ ಕುಡಿದ. ರೇಡಿಯಂ ಮೂಳೆಯಲ್ಲಿ ಸುಣ್ಣದ ಜಾಗ ಹಿಡಿಯಿತು. ದವಡೆ ಕರಗಿ 1932ರಲ್ಲಿ ಸತ್ತ. ಒಂದು ತುದಿಯಲ್ಲಿ ಏನೂ ಇಲ್ಲ, ಇನ್ನೊಂದು ತುದಿಯಲ್ಲಿ ಸಾವು. ಎಲ್ಲವೂ ನಿಂತಿರುವುದು ಅಳತೆಯ ಮೇಲೆ.

ಹೋಮಿಯೋಪಥಿ ವೈದ್ಯರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದ ಫಾದರ್ ಮುಲ್ಲರ್ ಅವರ ಸೇವೆ ದೊಡ್ಡದು. ಆದರೆ ಸೇವೆ ಬೇರೆ, ಪುರಾವೆ ಬೇರೆ. ಗುಳಿಗೆ ತಿಂದವನಿಗೆ ಆ ವಾರ ಮೈ ತುರಿಸಿದರೆ, ಕೀಲು ನೋವಾದರೆ, ಎಲ್ಲವೂ ರೇಡಿಯಂ ಲೆಕ್ಕಕ್ಕೇ ಹೋಗುತ್ತದೆ. ಗುಳಿಗೆ ತಿನ್ನದವನಿಗೂ ಆ ವಾರ ಕೀಲು ನೋಯುತ್ತಿತ್ತೇ ಎಂದು ಕೇಳಿದವರು ಯಾರು? ಔಷಧಿ ಹೊಡೆಯದೆ ಬಿಟ್ಟ ನಾಲ್ಕು ಮರ ಇಲ್ಲದಿದ್ದರೆ ಔಷಧಿಯಿಂದಲೇ ಕೊಳೆ ತಡೆಯಿತು ಎಂದು ಹೇಗೆ ಹೇಳುವುದು? ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಇಂಥ ಹೋಲಿಕೆಯ ಅಧ್ಯಯನಗಳನ್ನೇ ಗುಡ್ಡೆಹಾಕಿ ನೋಡಿ, ಹೋಮಿಯೋಪಥಿಯಿಂದ ಗುಣವಾಗುತ್ತದೆ ಎಂದು ನಂಬಬಹುದಾದ ಒಂದು ಕಾಯಿಲೆಯೂ ಸಿಗಲಿಲ್ಲವೆಂದು 2015ರಲ್ಲಿ ಹೇಳಿತು.

ಇದನ್ನು ಇಲ್ಲಿ ಬರೆಯಲು ಕಾರಣ ಕೈಗಾ ಅಣುಸ್ಥಾವರ. ಅದು ಕಾರವಾರ ತಾಲ್ಲೂಕಿಗೆ ಸೇರಿದ್ದರೂ ಕಾಡಿನ ಇತ್ತಲಾಗಿರುವುದು ಯಲ್ಲಾಪುರವೇ. ಅಣುಸ್ಥಾವರ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ನಮ್ಮ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತು ಸೋತರು. ಈಗ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, 700ರ ಇನ್ನೆರಡು ಬರಲಿವೆ. ನಮ್ಮಲ್ಲಿ ಯಾರಿಗೆ ಕ್ಯಾನ್ಸರ್ ಬಂದರೂ ಮೊದಲು ಬಾಯಿಗೆ ಬರುವುದು ಕೈಗಾದ ಹೆಸರು. ಆ ಭಯ ಸುಳ್ಳಲ್ಲ, ನನಗೂ ಇದೆ. ಆದರೆ ನಾವೂ ಮಾಡುತ್ತಿರುವುದು ಪ್ರೂವಿಂಗ್ ಅನ್ನೇ: ಲಕ್ಷಣ ಬರೆದುಕೊಳ್ಳುತ್ತೇವೆ, ಹೋಲಿಸಿ ನೋಡುವುದಿಲ್ಲ.

2009ರ ನವೆಂಬರಿನಲ್ಲಿ ಕೈಗಾದ ಒಳಗೇ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿತು. 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಅದು ಹೊಕ್ಕಿತು. ಗೊತ್ತಾದದ್ದು ಹೇಗೆ? ಯಾರಿಗೋ ತಲೆ ಸುತ್ತಿ ಅಲ್ಲ, ಕೆಲಸಗಾರರ ಮೂತ್ರವನ್ನು ಕ್ರಮವಾಗಿ ಪರೀಕ್ಷಿಸುತ್ತಿದ್ದುದರಿಂದ. ಅದಕ್ಕೆ ಮಾಡುವ ಉಪಚಾರವೂ ಸರಳ: ನೀರು ಹೆಚ್ಚು ಕುಡಿಸಿ ಮೂತ್ರದಲ್ಲಿ ಹೊರಹಾಕುವುದು. ಅಣುಸ್ಥಾವರದ ಅಪಘಾತಕ್ಕೆಂದು ಇಡುವ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಗೂ ಅಳತೆಯಿದೆ, ದೊಡ್ಡವರಿಗೆ 130 ಮಿಲಿಗ್ರಾಂ. ಅದು ವಿಕಿರಣ ಅಯೋಡಿನ್ ಥೈರಾಯಿಡ್ ಗ್ರಂಥಿಗೆ ಸೇರದಂತೆ ಮಾತ್ರ ತಡೆಯುತ್ತದೆ, ಬೇರೆ ಯಾವುದನ್ನೂ ಅಲ್ಲ. ವಿಕಿರಣದಿಂದ ಕಾಯುತ್ತದೆ ಎಂದು ಯಾರಾದರೂ ಸಕ್ಕರೆ ಗುಳಿಗೆ ಕೊಟ್ಟರೆ ದಯವಿಟ್ಟು ಅದನ್ನು ನಂಬಿ ಕೂರಬೇಡಿ.

ಬೇಕಾದದ್ದು ಲೆಕ್ಕ. ಮೂರೂ ತಾಲ್ಲೂಕಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಯಾನ್ಸರ್ ರೋಗಿಯ ವಯಸ್ಸು, ಊರು, ಯಾವ ಅಂಗ, ಎಷ್ಟು ವರ್ಷದ ಕವಳದ ಚಟ ಎಂಬುದೆಲ್ಲ ದಾಖಲಾಗಬೇಕು. ಕವಳದ ವಿಷಯ ಬರೆಯಲು ನಮಗೆ ಕಷ್ಟ, ಆದರೆ ಅಡಿಕೆ ಜಗಿಯುವುದೂ ಬಾಯಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿತು. ಆಮೇಲೆ ನಮ್ಮಂತೆಯೇ ತೋಟ, ನಮ್ಮಂತೆಯೇ ಊಟ, ಆದರೆ ಕೈಗಾದಿಂದ ದೂರವಿರುವ ಸಾಗರ, ತೀರ್ಥಹಳ್ಳಿಗಳ ಲೆಕ್ಕದೊಂದಿಗೆ ಹೋಲಿಸಬೇಕು. ಅವು ನಮ್ಮ ಪಾಲಿಗೆ ಔಷಧಿ ಹೊಡೆಯದೆ ಬಿಟ್ಟ ಮರಗಳು. ಹೋಲಿಸಿದ್ದನ್ನು ಸ್ಥಾವರ ನಡೆಸುವವರಲ್ಲ, ಬೇರೆಯವರು ನೋಡಿ, ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿ ಹೇಳಬೇಕು.

ಇದನ್ನು ಆರೋಗ್ಯ ಇಲಾಖೆ ಮಾಡಲಿ ಎಂದು ಕೇಳುತ್ತಿದ್ದೇನೆ. ಅಲ್ಲಿಯವರೆಗೆ, ಮನೆಯಲ್ಲಿ ಕ್ಯಾನ್ಸರ್ ಆದವರ ಆಸ್ಪತ್ರೆ ಕಾಗದಗಳಿದ್ದರೆ ದಯವಿಟ್ಟು ಎಸೆಯಬೇಡಿ.