ಸೊನ್ನೆ ಎಂಬ ಸುಳ್ಳು

‘ಕಂಪ್ಯೂಟರ್ ತಪ್ಪು ಮಾಡೋದಿಲ್ಲಮ್ಮ.’

ಈ ಮಾತನ್ನು ಕೇಳದ ಹೆಂಗಸು ನಮ್ಮ ಊರುಗಳಲ್ಲಿ ಯಾರಿದ್ದಾರೆ ಹೇಳಿ? ಬ್ಯಾಂಕಿನ ಕೌಂಟರಿನಲ್ಲಿ, ಕರೆಂಟ್ ಬಿಲ್ ಕಟ್ಟುವ ಸಾಲಿನಲ್ಲಿ, ಪಿಂಚಣಿ ಬರಲಿಲ್ಲವೆಂದು ವಿಚಾರಿಸಲು ಹೋದ ಕಚೇರಿಯಲ್ಲಿ, ಪರದೆಯಿಂದ ಕಣ್ಣನ್ನೂ ಎತ್ತದೆ ಯಾರೋ ಒಬ್ಬರು ಹೀಗೆ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಯಂತ್ರ ತಪ್ಪು ಮಾಡುವುದಿಲ್ಲ ಎಂದ ಮೇಲೆ ತಪ್ಪು ಮಾಡಿದವಳು ನೀವೇ ಆಗಬೇಕಲ್ಲ! ಮನೆಗೆ ಬಂದು ಚೀಲ ತಡಕಾಡಿ, ಹಳೆಯ ರಸೀದಿ ಹುಡುಕಿ, ‘ಸರಿಯಾಗಿ ನೋಡ್ಕೊಳ್ಳೋಕಾಗಲ್ವಾ’ ಎಂದು ಗಂಡನಿಂದ ಬೈಸಿಕೊಂಡು ಸುಮ್ಮನಾಗುತ್ತೀರಿ.

ಈ ಮಾತನ್ನು ನಾನೂ ಒಮ್ಮೆ ಹೇಳಿದ್ದೇನೆ. ಕೌಂಟರಿನ ಆಚೆ ಕುಳಿತು ಹೇಳಿದ್ದೇನೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರಿನ ಒಂದು ಮಹಿಳಾ ಪತ್ತಿನ ಸಹಕಾರ ಸಂಘದಲ್ಲಿ ನಾನು ಬಹಳ ವರ್ಷ ಲೆಕ್ಕ ಬರೆದವಳು. ಪಿಗ್ಮಿ ನಿಮಗೆಲ್ಲ ಗೊತ್ತೇ ಇದೆ. 1928ರಲ್ಲಿ ಉಡುಪಿಯ ಬ್ಯಾಂಕೊಂದು ಶುರುಮಾಡಿದ, ದಿನಕ್ಕಿಷ್ಟು ಎಂದು ಮನೆಬಾಗಿಲಿಗೇ ಬಂದು ಹಣ ಕಟ್ಟಿಸಿಕೊಂಡು ಹೋಗುವ ಪದ್ಧತಿ. ನಮ್ಮ ಸಂಘದ ಪಿಗ್ಮಿಗೆ ಒಬ್ಬ ಹುಡುಗಿ ಇದ್ದಳು. ಮಳೆಯಿರಲಿ ಬಿಸಿಲಿರಲಿ, ಸಂಜೆ ಐದಕ್ಕೆ ಸರಿಯಾಗಿ ಹಣ ತಂದು ನನ್ನ ಮೇಜಿನ ಮೇಲೆ ಎಣಿಸಿಡುತ್ತಿದ್ದಳು. ಒಂದು ದಿನವೂ ಐದು ರೂಪಾಯಿ ಹೆಚ್ಚುಕಡಿಮೆ ಆದದ್ದಿಲ್ಲ.

2011ರ ಮಾರ್ಚಿನಲ್ಲಿ, ವರ್ಷದ ಕೊನೆಯ ಗಡಿಬಿಡಿಯಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುವ ಒಬ್ಬಾಕೆ ಖಾತೆ ಮುಗಿಸಲು ಬಂದಳು. ಅವಳ ಪಾಸ್‌ಬುಕ್ಕಿನಲ್ಲಿ 6,000 ರೂಪಾಯಿ, ನನ್ನ ಪರದೆಯ ಮೇಲೆ 5,350. ದಿನಕ್ಕೆ 50ರಂತೆ 13 ದಿನದ ಹಣ ಇಲ್ಲ. ಹೂವಿನಾಕೆ ಪಾಸ್‌ಬುಕ್ಕಿನ ಒಂದೊಂದು ಸಹಿಯನ್ನೂ ಬೆರಳಿಟ್ಟು ತೋರಿಸಿದಳು. ‘ಹಾಗಾದ್ರೆ ನಾನು ಕೊಟ್ಟ ದುಡ್ಡು ಎಲ್ಲಿ ಹೋಯ್ತು?’ ಎಂದಳು. ಪಿಗ್ಮಿ ಹುಡುಗಿ ಅಲ್ಲೇ ನಿಂತಿದ್ದಳು. ‘ಅಕ್ಕಾ, ನಾನು ಎಲ್ಲ ಕಟ್ಟಿದೀನಿ, ನೀವೇ ಎಣಿಸಿಕೊಂಡಿದೀರಿ’ ಎಂದಳು. ಆಗ ನಾನು ಆ ಮಾತು ಹೇಳಿದೆ. ‘ನೋಡು ಮಾರಾಯ್ತಿ, ಕಂಪ್ಯೂಟರ್ ಅಂತೂ ತಪ್ಪು ಮಾಡಲ್ಲ.’

ಅವಳ ಮುಖ ಹೇಗಾಯಿತು ಎಂದು ಬರೆಯಲಾರೆ. ಮರುದಿನ ಆಡಳಿತ ಮಂಡಳಿ ಅವಳಿಗೆ ‘ಸದ್ಯಕ್ಕೆ ಕಲೆಕ್ಷನ್‌ಗೆ ಹೋಗಬೇಡ’ ಎಂದಿತು. ಮೂರು ದಿನದೊಳಗೆ ಬೀದಿಯಲ್ಲೆಲ್ಲ ಸುದ್ದಿ. ಮನೆಬಾಗಿಲಿಗೆ ಹೋಗಿ ಹಣ ಕೇಳುವ ಹೆಣ್ಣಿಗೆ ನಂಬಿಕೆಯೇ ಬಂಡವಾಳ. ಅದು ಹೋದರೆ ಉಳಿಯುವುದೇನು?

ಐದನೆಯ ದಿನ ರಾತ್ರಿ ನಿದ್ದೆ ಬರದೆ, ಬೆಳಿಗ್ಗೆ ಬೇಗ ಹೋಗಿ ಆ ಹೂವಿನಾಕೆಯ ಸಾಲನ್ನು ಒಂದೊಂದೇ ಚೌಕವಾಗಿ ನೋಡಿದೆ. 50, 50, 50. ಎಲ್ಲ ಇದೆ! ಎಲ್ಲ ಇದ್ದೂ ಮೊತ್ತ ಕಡಿಮೆ! ಆಗ ಕಣ್ಣಿಗೆ ಬಿತ್ತು: ಕೆಲವು 50 ಚೌಕದ ಬಲಗಡೆಗೆ ಒತ್ತಿ ಕುಳಿತಿದ್ದವು, ಕೆಲವು ಎಡಗಡೆಗೆ. ಎಡಗಡೆಯವನ್ನು ಎಣಿಸಿದೆ. ಹದಿಮೂರು.

ನಾನು ಟೈಪಿಂಗ್ ಕಲಿತದ್ದು ಒಂದು ಓಬೀರಾಯನ ಕಾಲದ ಯಂತ್ರದಲ್ಲಿ. ಅದರಲ್ಲಿ ಸೊನ್ನೆಗೆ ಬೇರೆ ಕೀಲಿ ಇರಲಿಲ್ಲ, ಇಂಗ್ಲಿಷಿನ ದೊಡ್ಡ ‘ಓ’ ಅಕ್ಷರವನ್ನೇ ಹೊಡೆಯುತ್ತಿದ್ದೆವು. ಕೈಗೆ ಹತ್ತಿದ ಅಭ್ಯಾಸ. ಅವಸರದಲ್ಲಿದ್ದಾಗ 50 ಎಂದು ಹೊಡೆಯುವಲ್ಲಿ ಐದರ ಮುಂದೆ ‘ಓ’ ಹೊಡೆದಿದ್ದೆ. ನಮ್ಮ ಕಣ್ಣಿಗೆ ಅದು ಐವತ್ತು. ಎಕ್ಸೆಲ್ ಷೀಟಿಗೆ ಅದು ಅಂಕಿಯೇ ಅಲ್ಲ, ಅಕ್ಷರ. ಕೂಡಿಸುವ ‘ಸಮ್’ ಸೂತ್ರ ಅಕ್ಷರ ಕಂಡರೆ ಒಂದು ಮಾತೂ ಆಡದೆ ದಾಟಿಕೊಂಡು ಹೋಗುತ್ತದೆ. ಪಂಕ್ತಿಯಲ್ಲಿ ಬಡಿಸುವವರು ಒಬ್ಬರನ್ನು ಬಿಟ್ಟು ಮುಂದೆ ಹೋದ ಹಾಗೆ.

ತಪ್ಪು ನನ್ನದು, ಒಪ್ಪಿದೆ. ಆದರೆ ಇದಕ್ಕಿಂತ ದೊಡ್ಡ ತಪ್ಪೊಂದು ಅದೇ ಷೀಟಿನಲ್ಲಿತ್ತು. ಹುಡುಗಿ ದಿನವೂ ತಂದ ಹಣ ಕ್ಯಾಶ್ ಬುಕ್ಕಿನಲ್ಲಿ ಒಟ್ಟಾಗಿ ಸರಿಯಾಗಿಯೇ ಇತ್ತು. ತಿಂಗಳ ಕೊನೆಗೆ ಆ ಮೊತ್ತಕ್ಕೂ ಷೀಟಿನ ಮೊತ್ತಕ್ಕೂ ತಾಳೆ ನೋಡಲು ‘ವ್ಯತ್ಯಾಸ’ ಎಂಬ ಒಂದು ಚೌಕವೂ ಇತ್ತು. ಅಲ್ಲಿ ಚೌಕಗಳನ್ನು ಒಂದೊಂದಾಗಿ ‘ಪ್ಲಸ್’ ಹಾಕಿ ಸೇರಿಸಿದ್ದರು. ಈ ಪ್ಲಸ್ ‘ಸಮ್’ನ ಹಾಗೆ ಸುಮ್ಮನಿರುವುದಿಲ್ಲ. ಅಕ್ಷರ ಸಿಕ್ಕಿದರೆ ‘ವ್ಯಾಲ್ಯೂ ಎರರ್’ ಎಂದು ಕೂಗಿಕೊಳ್ಳುತ್ತದೆ. ನಮ್ಮ ಷೀಟೂ ಕೂಗಿಕೊಂಡಿತ್ತು. ಆದರೆ ಅದನ್ನು ಸಿದ್ಧಪಡಿಸಿಕೊಟ್ಟವನು ‘ಇಫ್‌ಎರರ್’ ಎಂಬ ಸೂತ್ರದಿಂದ ಅದರ ಬಾಯಿ ಮುಚ್ಚಿದ್ದ. ಎರರ್ ಬಂದರೆ ಅದನ್ನು ತೋರಿಸದೆ, ಅದರ ಜಾಗದಲ್ಲಿ 0 ತೋರಿಸು ಎಂದು ಬರೆದಿದ್ದ. ಯಾಕಪ್ಪಾ ಎಂದರೆ, ‘ಎರರ್ ಅಂತ ಕಾಣಿಸಿದರೆ ಆಡಿಟರ್ ಕೇಳ್ತಾರೆ ಮೇಡಂ, ನೋಡೋಕೂ ಚೆನ್ನಾಗಿರಲ್ಲ!’ ಹೀಗಾಗಿ ತಿಂಗಳು ತಿಂಗಳೂ ನಮ್ಮ ಷೀಟು ‘ವ್ಯತ್ಯಾಸ: 0’ ಎಂದು ತೋರಿಸುತ್ತಿತ್ತು. ಅದನ್ನು ನೋಡಿ ನಾವು ಸಹಿ ಹಾಕುತ್ತಿದ್ದೆವು.

‘ವ್ಯತ್ಯಾಸವಿಲ್ಲ’ ಎನ್ನುವುದೂ ‘ನನಗೆ ಲೆಕ್ಕ ಹಾಕಲಾಗಲಿಲ್ಲ’ ಎನ್ನುವುದೂ ಒಂದೇ ಏನು? ಡಬ್ಬಿಯಲ್ಲಿ ಸಕ್ಕರೆ ಇಲ್ಲ ಎನ್ನುವುದಕ್ಕೂ, ಡಬ್ಬಿ ತೆಗೆದು ನೋಡಲಿಲ್ಲ ಎನ್ನುವುದಕ್ಕೂ ವ್ಯತ್ಯಾಸ ತಿಳಿಯದವಳು ಸಂಸಾರ ಮಾಡಿಯಾಳೇ? ಗೊತ್ತಿಲ್ಲ ಎನ್ನಬೇಕಾದ ಕಡೆ ಸೊನ್ನೆ ಬರೆಯುವುದು ಸುಳ್ಳು ಹೇಳುವುದು. ಇದೇ ನನ್ನ ಜಗಳ.

ಯಂತ್ರ ತಪ್ಪು ಮಾಡುವುದೇ ಇಲ್ಲ ಎನ್ನುವವರಿಗೆ ಇನ್ನೊಂದು ಮಾತು ಹೇಳಬೇಕು. ನಮ್ಮಜ್ಜಿಯ ಲೆಕ್ಕದಲ್ಲಿ ದಶಮಾಂಶ ಇರಲಿಲ್ಲ. ಅರ್ಧ, ಅರ್ಧದ ಅರ್ಧ ಕಾಲು, ಅದರ ಅರ್ಧ ಅರೆಕಾಲು, ಅದರ ಅರ್ಧ ವೀಸ. ಕಂಪ್ಯೂಟರಿನ ಹೊಟ್ಟೆಯೊಳಗೂ ಹೆಚ್ಚುಕಡಿಮೆ ಇದೇ ಲೆಕ್ಕ, ಎಲ್ಲ ಅರ್ಧ ಅರ್ಧ ಮಾಡುತ್ತಾ ಹೋಗುವುದು. ಈ ಅಳತೆಗಳನ್ನೇ ಇಟ್ಟುಕೊಂಡು ಹತ್ತರಲ್ಲಿ ಒಂದು ಭಾಗ ಅಳೆದುಕೊಡಿ ನೋಡೋಣ! ವೀಸ ಹಾಕಿದರೆ ಸಾಲದು, ಅರೆಕಾಲು ಹಾಕಿದರೆ ಹೆಚ್ಚು. ವೀಸಕ್ಕೆ ಅದರ ಅರ್ಧ ಸೇರಿಸಿದರೆ 0.09375 ಆಗುತ್ತದೆ. ಚೂರುಪಾರು ಸೇರಿಸುತ್ತಲೇ ಹೋಗಬಹುದು, ಸರಿಯಾಗಿ ಹತ್ತರಲ್ಲೊಂದು ಎಂದೂ ಆಗದು. ಎಲ್ಲೋ ಒಂದು ಕಡೆ ಸಾಕೆಂದು ನಿಲ್ಲಿಸಲೇಬೇಕು. ಆದ್ದರಿಂದಲೇ ಎಷ್ಟೋ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಉತ್ತರ ಬರುತ್ತದೆ. ಇದು ಯಂತ್ರ ಕೆಟ್ಟಿದ್ದರಿಂದ ಬಂದದ್ದಲ್ಲ, ಅದರ ಹುಟ್ಟುಗುಣ.

‘ಅಷ್ಟು ಚಿಲ್ಲರೆ ವ್ಯತ್ಯಾಸದಿಂದ ಏನಾಗುತ್ತೆ ಬಿಡಿ’ ಎನ್ನುತ್ತೀರೇನೋ. ಕೆನಡಾದ ವ್ಯಾಂಕೂವರ್ ಷೇರುಪೇಟೆಯವರು 1982ರಲ್ಲಿ ತಮ್ಮ ಸೂಚ್ಯಂಕವನ್ನು 1000ದಿಂದ ಶುರುಮಾಡಿದರು. ಪ್ರತಿ ವ್ಯವಹಾರಕ್ಕೂ ಹೊಸದಾಗಿ ಲೆಕ್ಕ ಹಾಕಿ, ಮೂರು ದಶಮಾಂಶದ ಆಚೆಗಿದ್ದುದನ್ನು ಕತ್ತರಿಸಿ ಬಿಸಾಡುತ್ತಿದ್ದರು. ದಿನಕ್ಕೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ, 1983ರ ನವೆಂಬರಿನ ಹೊತ್ತಿಗೆ ಸೂಚ್ಯಂಕ 520ರ ಆಸುಪಾಸಿಗೆ ಇಳಿದಿತ್ತು. ಲೆಕ್ಕ ಸರಿಪಡಿಸಿದಾಗ ನಿಜವಾಗಿ ಇರಬೇಕಾದದ್ದು 1098 ಎಂದು ಗೊತ್ತಾಯಿತು!

ಅದು ದುಡ್ಡಿನ ಮಾತಾಯಿತು. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಸಮಯದಲ್ಲಿ, ಸೌದಿ ಅರೇಬಿಯಾದ ದಹ್ರಾನಿನಲ್ಲಿ ಅಮೆರಿಕದ 28 ಸೈನಿಕರು ಸತ್ತರು. ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯಬೇಕಾಗಿದ್ದ ಪೇಟ್ರಿಯಟ್ ಎಂಬ ಯಂತ್ರ ಹೊತ್ತನ್ನು ಸೆಕೆಂಡಿನ ಹತ್ತರಲ್ಲೊಂದು ಭಾಗವಾಗಿ ಎಣಿಸುತ್ತಿತ್ತು. ಅದೇ ಹಾಳು ಹತ್ತರಲ್ಲೊಂದು! ಸುಮಾರು 100 ತಾಸು ಬಿಡದೆ ಓಡಿದಾಗ ಲೆಕ್ಕ ಮೂರನೇ ಒಂದು ಸೆಕೆಂಡಿನಷ್ಟು ತಪ್ಪಿತು. ಅಷ್ಟರಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಬರುತ್ತದೆ. ಪೇಟ್ರಿಯಟ್ ಬೇರೆಲ್ಲೋ ನೋಡುತ್ತಾ ಕುಳಿತಿತು. ತುಂಬಾ ಹೊತ್ತು ಓಡಿದರೆ ಗುರಿ ಸರಿಯಬಹುದು ಎಂಬ ಸೂಚನೆ ಕೆಲವು ದಿನ ಮೊದಲೇ ಹೋಗಿತ್ತು. ಆದರೆ ತುಂಬಾ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಅದರಲ್ಲಿ ಹೇಳಿರಲಿಲ್ಲ. ಸರಿಪಡಿಸಿದ ಸಾಫ್ಟ್‌ವೇರ್ ಅಲ್ಲಿಗೆ ಬಂದು ಮುಟ್ಟಿದ್ದು ಮರುದಿನ.

ಇಷ್ಟಾದರೂ ಯಂತ್ರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಯಂತ್ರದ ಒಳಗುಟ್ಟು ಬಲ್ಲ ದೊಡ್ಡವರು ಅದು ತಪ್ಪುತ್ತದೆ ಎಂದು ಎಂದೋ ಒಪ್ಪಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಪ್ರೊಫೆಸರ್ ಆಗಿದ್ದ ವಿಲಿಯಂ ಕಹಾನ್ ಎಂಬವರ ಮುಂದಾಳುತನದಲ್ಲಿ 1985ರಲ್ಲಿ ಕಂಪ್ಯೂಟರ್ ಲೆಕ್ಕಕ್ಕೆ ಒಂದು ಕಟ್ಟುಪಾಡು ಬಂತು. ಅದರಲ್ಲಿ ‘ನಾಟ್ ಎ ನಂಬರ್’, ಅಂದರೆ ‘ಇದು ಸಂಖ್ಯೆಯಲ್ಲ’, ಎಂಬ ಒಂದು ಗುರುತಿದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಎಂಬಂಥ ಅರ್ಥವಿಲ್ಲದ ಲೆಕ್ಕ ಬಂದರೆ ಯಂತ್ರ ಆ ಗುರುತು ಹಾಕುತ್ತದೆ. ಆಮೇಲೆ ಅದಕ್ಕೆ ಏನನ್ನು ಕೂಡಿಸಿದರೂ ಉತ್ತರ ಮತ್ತೆ ‘ಸಂಖ್ಯೆಯಲ್ಲ’ ಎಂದೇ. ಒಂದು ಹನಿ ಹುಳಿ ಬಿದ್ದರೆ ಪಾತ್ರೆಯ ಹಾಲೆಲ್ಲ ಒಡೆಯುವ ಹಾಗೆ. ಒಡೆದ ಹಾಲು ಕಣ್ಣಿಗೆ ಕಾಣುತ್ತದೆ, ಯಾರೂ ಕುಡಿಯುವುದಿಲ್ಲ. ಆ ವ್ಯವಸ್ಥೆಯ ಉದ್ದೇಶವೇ ಅದು. ನಮ್ಮ ಕಚೇರಿಗಳಲ್ಲಿ ಆ ಒಡೆದ ಹಾಲಿಗೆ ಸುಣ್ಣದ ನೀರು ಬೆರೆಸಿ ಬೆಳ್ಳಗೆ ಮಾಡಿ ಕೊಡುತ್ತೇವೆ!

ಇದರ ಫಲ ಯಾರ ತಲೆಯ ಮೇಲೆ ಬೀಳುತ್ತದೆ? ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆ ಕೇಳಿ. ಅಲ್ಲಿ ‘ಹೊರೈಜನ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ತೋರಿಸಿತು. ಅದನ್ನು ನಂಬಿ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಯನ್ನು ಕಳ್ಳರೆಂದು ಶಿಕ್ಷಿಸಿದರು. ಕಂಪ್ಯೂಟರ್ ಸರಿಯಾಗಿಯೇ ಇದೆ ಎಂದು ಹೊರಡುವ ನಿಯಮ ಅಲ್ಲಿನ ನ್ಯಾಯಾಲಯಗಳದ್ದು. ಇಲ್ಲ ಎನ್ನುವವರೇ ತೋರಿಸಬೇಕಿತ್ತು. ಸಹಾಯ ಕೇಳಿ ಫೋನ್ ಮಾಡಿದವರಿಗೆ ‘ಈ ತೊಂದರೆ ನಿಮಗೊಬ್ಬರಿಗೇ’ ಎಂದು ಹೇಳುತ್ತಿದ್ದರಂತೆ. ಭಾರತೀಯ ಮೂಲದ ಸೀಮಾ ಮಿಶ್ರಾ ಎಂಬಾಕೆ 2010ರಲ್ಲಿ ಜೈಲಿಗೆ ಹೋದಾಗ ಬಸುರಿ. ಆಕೆ ತಪ್ಪಿತಸ್ಥೆಯಲ್ಲ ಎಂದು ಮೇಲಿನ ನ್ಯಾಯಾಲಯ ಹೇಳಿದ್ದು 2021ರಲ್ಲಿ. ಉಳಿದ ನೂರಾರು ಮಂದಿಯ ಕಳಂಕ ತೊಳೆಯಲು 2024ರಲ್ಲಿ ಪಾರ್ಲಿಮೆಂಟು ಹೊಸ ಕಾನೂನನ್ನೇ ಮಾಡಬೇಕಾಯಿತು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ನಮ್ಮ ಪಿಗ್ಮಿ ಹುಡುಗಿಯ ಮುಖ.

‘ಯಂತ್ರ ಹೇಳಿದ್ದನ್ನಷ್ಟೇ ಮಾಡುತ್ತೆ, ತಪ್ಪೆಲ್ಲ ಮನುಷ್ಯರದೇ’ ಎಂದು ತಿಳಿದವರು ವಾದಿಸುತ್ತಾರೆ. ಸರಿ, ಒಪ್ಪೋಣ. ಹಾಗಾದರೆ ಯಾವ ಮನುಷ್ಯರದ್ದು? ಸೂತ್ರ ಬರೆದವನದೇ, ಎರರ್ ಮುಚ್ಚು ಎಂದವನದೇ, ನೋಡದೆ ಸಹಿ ಹಾಕಿದವಳದೇ? ಅವರ ಹೆಸರು ಬರುವುದೇ ಇಲ್ಲ. ಸರಪಳಿಯ ಕಟ್ಟಕಡೆಯಲ್ಲಿ ನಿಂತ, ಮಾತಾಡಲು ಬಾರದ ಒಬ್ಬಳನ್ನು ಹಿಡಿಯುತ್ತಾರೆ.

ನಾನು ಷೀಟನ್ನು ಮಂಡಳಿಯವರ ಮುಂದಿಟ್ಟು ಎಲ್ಲ ಹೇಳಿದೆ. ಅವರು ಒಳ್ಳೆಯವರೇ, ಕೂಡಲೇ ಆ ಹುಡುಗಿಯನ್ನು ಕರೆಸಿದರು. ಆಗ ಅಧ್ಯಕ್ಷೆ ಏನೆಂದರು ಗೊತ್ತೇ? ‘ಏನೂ ಅಂದ್ಕೋಬೇಡಮ್ಮ, ಕಂಪ್ಯೂಟರ್‌ದು ತಪ್ಪಾಗಿತ್ತು!’ ಅವಳ ಮೇಲೆ ಸಂಶಯ ಬಂದಾಗ ಕಂಪ್ಯೂಟರ್ ತಪ್ಪು ಮಾಡುವುದೇ ಇಲ್ಲ. ನಮ್ಮ ಮೇಲೆ ಬಂದ ಕೂಡಲೇ ತಪ್ಪೆಲ್ಲ ಕಂಪ್ಯೂಟರಿನದು!

ಆದ್ದರಿಂದ ಅಕ್ಕತಂಗಿಯರೇ, ಲೆಕ್ಕ ಬರೆಯುವ ನಮ್ಮಂಥವರಿಗೆ ಮೊದಲ ಮಾತು: ಎರರ್ ಬಂದರೆ ಬರಲಿ, ಅದನ್ನು ಸೊನ್ನೆ ಮಾಡಬೇಡಿ. ನೋಡಲು ಚೆನ್ನಾಗಿಲ್ಲದಿದ್ದರೆ ಆಡಿಟರ್ ಬೈಯಲಿ. ವಾರಕ್ಕೊಮ್ಮೆಯಾದರೂ ಒಂದು ಸಾಲನ್ನು ಕೈಯಲ್ಲಿ ಕೂಡಿ ನೋಡಿ. ಎಡಕ್ಕೆ ಸರಿದು ಕುಳಿತ ಅಂಕಿಯನ್ನು ನಂಬಬೇಡಿ. ಕೌಂಟರಿನ ಈಚೆ ನಿಲ್ಲುವವರಿಗೆ ಎರಡನೆಯ ಮಾತು: ಪಾಸ್‌ಬುಕ್ಕು, ರಸೀದಿ ಬಿಸಾಡಬೇಡಿ. ‘ಕಂಪ್ಯೂಟರ್ ತಪ್ಪು ಮಾಡೋದಿಲ್ಲ’ ಎಂದರೆ ‘ಹಾಗಾದರೆ ಲೆಕ್ಕ ಬಿಡಿಸಿ ತೋರಿಸಿ’ ಎನ್ನಿ. ಹಿಂದೆ ಸಾಲು ಗೊಣಗಲಿ. ಸರಿಯಿದೆ ಎಂದು ತೋರಿಸಿಕೊಡುವ ಹೊಣೆ ಯಂತ್ರ ಇಟ್ಟುಕೊಂಡವರದು, ಎದುರಿಗೆ ನಿಂತ ಹೆಂಗಸಿನದಲ್ಲ.

ಅಂದು ಆ ಹುಡುಗಿ ಅಧ್ಯಕ್ಷೆಗೆ ಏನೂ ಹೇಳಲಿಲ್ಲ. ಹೊರಗೆ ಬಂದು ನನಗೆ ಹೇಳಿದಳು: ‘ಅಕ್ಕಾ, ಇಲ್ಲಿ ಹೇಳಿದ್ರೆ ಸಾಕಾಗಲ್ಲ. ನಾಳೆ ನನ್ನ ಜೊತೆ ಬೀದಿಗೆ ಬರ್ತೀರಾ?’ ಹೋದೆ. ಮೂರು ಸಂಜೆ ಅವಳೊಂದಿಗೆ ಮನೆಮನೆಗೆ ತಿರುಗಿದೆ. ಪ್ರತಿ ಬಾಗಿಲಲ್ಲೂ ‘ಲೆಕ್ಕ ತಪ್ಪಿದ್ದು ನಾನು, ಇವಳಲ್ಲ’ ಎಂದೆ. ಕೆಲವರು ಒಳಗೆ ಕರೆದು ಕಾಫಿ ಕೊಟ್ಟರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ಹೂವಿನಾಕೆ ಮಾತ್ರ ನನ್ನನ್ನು ನೋಡದೆ ಅವಳಿಗೊಂದು ಮೊಳ ಮಲ್ಲಿಗೆ ಕತ್ತರಿಸಿ ಕೊಟ್ಟಳು. ನನಗೆ ಕೊಡಲಿಲ್ಲ. ಸರಿಯಾಗಿಯೇ ಮಾಡಿದಳು.