ವಿಮಾನದ ಎಣ್ಣೆಯೂ ಗ್ರಾಮದ ಭೂಮಿಯೂ

ವಿಮಾನಗಳಲ್ಲಿ ಉರಿಯುವ ಎಣ್ಣೆಯು ಸೀಮೆಎಣ್ಣೆಯ ಜಾತಿಗೆ ಸೇರಿದುದು. ಭೂಗರ್ಭದ ತೈಲವನ್ನು ಸುಡುವುದರಿಂದ ವಾಯುಮಂಡಲದ ಉಷ್ಣವು ಹೆಚ್ಚುತ್ತಿರುವ ಕಾರಣ, ಸಸ್ಯಗಳಿಂದಲೂ ಕಸದಿಂದಲೂ ಇದಕ್ಕೆ ಸಮನಾದ ಎಣ್ಣೆಯನ್ನು ತಯಾರಿಸುವ ಪ್ರಯತ್ನವು ಅನೇಕ ದೇಶಗಳಲ್ಲಿ ನಡೆದಿರುವುದು. ಹೊರದೇಶಗಳಿಗೆ ಹೋಗುವ ವಿಮಾನಗಳ ಎಣ್ಣೆಯಲ್ಲಿ ಇಂಥದು 2027ರಲ್ಲಿ ನೂರಕ್ಕೆ 1, 2028ರಲ್ಲಿ 2, 2030ರಲ್ಲಿ 5 ಪಾಲು ಸೇರಬೇಕೆಂದು ಭಾರತ ಸರ್ಕಾರವು ಗುರಿಯಿಟ್ಟಿದೆ. ಆದುದರಿಂದ ಕಚ್ಚಾಮಾಲನ್ನು ಅರಸುತ್ತ ವರ್ತಕರು ಗ್ರಾಮಗಳಿಗೆ ಬರಬಹುದು. ಅವರಿಗೆ ಏನನ್ನು ಕೊಡಬಹುದು, ಏನನ್ನು ಕೊಡಲಾಗದು ಎಂಬುದನ್ನು ಗ್ರಾಮಪ್ರಮುಖರೂ ಭೂಮಾಲೀಕರೂ ಮುಂಚಿತವಾಗಿ ಆಲೋಚಿಸತಕ್ಕದ್ದು.

ಈ ಎಣ್ಣೆಯನ್ನು ಮಾಡುವ ಕ್ರಮಗಳಲ್ಲಿ ಎರಡು ಮುಖ್ಯವಾದುವು. ಒಂದರಲ್ಲಿ ಬೀಜದ ಎಣ್ಣೆಯನ್ನಾಗಲಿ, ಕರಿದು ಉಳಿದ ಅಡಿಗೆಯೆಣ್ಣೆಯನ್ನಾಗಲಿ ಜಲಜನಕದೊಡನೆ ಸೇರಿಸಿ, ಅದರಲ್ಲಿರುವ ಆಮ್ಲಜನಕವನ್ನು ತೆಗೆಯುವರು. ಇನ್ನೊಂದರಲ್ಲಿ ಕಾಕಂಬಿ, ಧಾನ್ಯ, ಹುಲ್ಲು ಮೊದಲಾದುವುಗಳಿಂದ ಇಳಿಸಿದ ಮದ್ಯಸಾರವನ್ನು ಮಾರ್ಪಡಿಸುವರು. 2018ನೆಯ ಆಗಸ್ಟ್ 27ರಂದು, ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯು ಕಾಡುಹರಳಿನಿಂದ ಸಿದ್ಧಪಡಿಸಿದ ಎಣ್ಣೆಯನ್ನು ಕಾಲು ಪಾಲು ಬೆರಕೆಯಾಗಿ ಬಳಸಿ, ಆ ಊರಿನಿಂದ ದೆಹಲಿಗೆ ಒಂದು ವಿಮಾನವು ಹಾರಿತು. ಬೀಜವನ್ನು ಒದಗಿಸಿದವರು ಛತ್ತೀಸಗಢದ ರೈತರು.

ಆದರೆ ವಿಮಾನವು ಹಾರಿದ ಮಾತ್ರಕ್ಕೆ ಬೆಳೆಯು ಲಾಭಕರವೆಂದು ತಿಳಿಯಲಾಗದು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಕಾಡುಹರಳನ್ನು ಪುರಸ್ಕರಿಸಿದ ತರುವಾಯ, ಆ ಗಿಡವು ಬರಡುನೆಲದಲ್ಲಿಯೂ ಹುಲುಸಾಗಿ ಫಲಕೊಡುವುದೆಂಬ ನಂಬಿಕೆಯು ದೇಶದಲ್ಲೆಲ್ಲಾ ಹಬ್ಬಿತು. ಗಿಡವೇನೋ ಬದುಕಿತು, ಆದರೆ ನೀರೂ ಗೊಬ್ಬರವೂ ಇಲ್ಲದ ಕಡೆ ಬೀಜವು ಅಲ್ಪವಾಯಿತು. ಕಾಯಿಗಳು ಒಮ್ಮೆಗೇ ಮಾಗದ ಕಾರಣ ಕೊಯ್ಲಿನ ಕೂಲಿಯೂ ಏರಿತು. 2017ರ ವೇಳೆಗೆ ನೂರಕ್ಕೆ 20 ಪಾಲು ಸಸ್ಯಜನ್ಯ ಇಂಧನವನ್ನು ಬೆರೆಸಬೇಕೆಂದು 2009ರಲ್ಲಿ ಮಾಡಿದ ಸಂಕಲ್ಪವು ಕೈಗೂಡಲಿಲ್ಲ. ನಂಬಿ ನೆಟ್ಟವರು ನಷ್ಟವನ್ನು ತಾವೇ ಹೊತ್ತರು.

ಹಣ ಬರುವುದಾದರೆ ಯಾವ ಬೆಳೆಯಾದರೇನೆಂದು ಕೆಲವರು ಕೇಳಬಹುದು. ರಾಗಿ ಬೆಳೆದವನಿಗೆ ಪೇಟೆ ಕುಸಿದರೂ ಊಟವುಂಟು. ಕಾಡುಹರಳನ್ನು ಬೆಳೆದವನಿಗೆ ಅದೂ ಇಲ್ಲ, ಅವನ ದನವೂ ಅದನ್ನು ಮುಟ್ಟದು. ಲೆಕ್ಕಪತ್ರಗಳಲ್ಲಿ ಬೀಳೆಂದು ಕಾಣುವ ಗೋಮಾಳವು ವಾಸ್ತವದಲ್ಲಿ ಬಡವರ ಕುರಿದನಗಳಿಗೆ ಅನ್ನವಾಗಿರುವುದು. ಅದನ್ನು ಎಣ್ಣೆಯ ತೋಟಕ್ಕೆ ಬಿಟ್ಟುಕೊಡುವುದು ಅನ್ಯಾಯವು. ಎಣ್ಣೆಗೋಸ್ಕರವೇ ಕಬ್ಬನ್ನು ವಿಸ್ತರಿಸುವುದೂ ಬಾವಿಗಳನ್ನು ಬರಿದುಮಾಡುವ ಹಾದಿಯೇ ಸರಿ.

ಕೊಡತಕ್ಕ ವಸ್ತುಗಳು ಬೇರೆ ಇವೆ. ಹೊಲದ ಬದುಗಳಲ್ಲಿ ಹೊಂಗೆಯನ್ನು ಬೆಳೆಸುವುದು ಪೂರ್ವಿಕರ ಪದ್ಧತಿಯೇ. ಅದರ ಸೊಪ್ಪು ಹಸುರುಗೊಬ್ಬರವಾಗುವುದು. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯೂ ಗೊಬ್ಬರವೇ. ಬೀಜಕ್ಕೆ ಬೆಲೆ ಸಿಕ್ಕದಿದ್ದರೂ ಮರವು ವ್ಯರ್ಥವಾಗದು. ಕಬ್ಬಿನ ರವದಿಗೆ ಬೆಂಕಿಯಿಡುವ ಬದಲು, ನೆಲಕ್ಕೆ ಹೊದಿಕೆಯಾಗುವಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಮಾರಬಹುದು. ಮೇವಾಗುವ ಹುಲ್ಲನ್ನು ಮಾತ್ರ ಮಾರಬಾರದು.

ವ್ಯವಹಾರದಲ್ಲಿ ದರ, ತೂಕ, ಅವಧಿಗಳನ್ನು ಬರೆವಣಿಗೆಯಲ್ಲಿ ಪಡೆಯತಕ್ಕದ್ದು. ಸಣ್ಣ ಹಿಡುವಳಿದಾರರು ಸಹಕಾರ ಸಂಘದ ಮೂಲಕ ಒಟ್ಟಾಗಿ ಮಾರುವುದು ಕ್ಷೇಮಕರವು. ಗ್ರಾಮದಲ್ಲಿ ಮಿಗುವ ವಸ್ತುವಿನಿಂದ ವಿಮಾನವು ಹಾರುವುದಾದರೆ ಸಂತೋಷವೇ. ಗ್ರಾಮದ ಅನ್ನವೂ ಮೇವೂ ನೀರೂ ಅದಕ್ಕೆ ಬಲಿಯಾಗದಂತೆ ನೋಡಿಕೊಳ್ಳುವ ಭಾರವು ಗ್ರಾಮಪ್ರಮುಖರದಾಗಿದೆ.